ವಾರದ ಒಡೆಯ, ಬಾಳಿನ ಒಡೆಯ

ನವೆಂಬರ್ ತಿಂಗಳ ಕಡೆಯ ಭಾಗದಲ್ಲಿ ನಮ್ಮ ಕಥೋಲಿಕ ದೇವಾಲಯಗಳಲ್ಲಿ ಕ್ರಿಸ್ತರಾಜರ ಹಬ್ಬವನ್ನು ಆಚರಿಸುತ್ತಾರೆ. ಪೂಜಾವರ್ಷದ ಕೊನೆಯ ಭಾನುವಾರ ಅದು. ರಾಮಾಪುರದ ಸುತ್ತಣ ಸೀಮೆಯಲ್ಲಿ, ಅದರಲ್ಲಿಯೂ ಮಾರ್ಟಳ್ಳಿ, ಸಂದನಪಾಳ್ಯಗಳಂತಹ ಊರುಗಳಲ್ಲಿ, ಕ್ರೈಸ್ತರು ಸಾಕಷ್ಟು ಸಂಖ್ಯೆಯಲ್ಲಿದ್ದಾರೆ. ಇಲ್ಲಿ ಮೇಷ್ಟರಾಗಿದ್ದ ದೀರ್ಘಕಾಲದಲ್ಲಿ ನಾನೂ ಆ ಹಬ್ಬದ ದಿನ ಕ್ರಿಸ್ತರಾಜರಿಗೆ ಜಯವಾಗಲಿ ಎಂದು ಎಲ್ಲರೊಡನೆ ಕೂಗಿದವನು. ಕೂಗಿ, ಮನೆಗೆ ಬಂದು, ಹಬ್ಬದ ಊಟ ಮಾಡಿ ಮಲಗಿದವನು. ಆ ಕೂಗಿಗೆ ಅರ್ಥವೇನು, ಒಬ್ಬನನ್ನು ಅರಸನೆಂದು ಒಪ್ಪಿಕೊಂಡ ಮೇಲೆ ಒಪ್ಪಿಕೊಂಡವನ ಪಾಡೇನು ಎಂದು ಯೋಚಿಸುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು. ಆ ಯೋಚನೆಯನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಈ ಹಬ್ಬ ಬಹಳ ಹಳೆಯದೇನಲ್ಲ. 1925ರ ಡಿಸೆಂಬರಿನಲ್ಲಿ ಪೋಪ್ 11ನೆಯ ಪಿಯೂಸರು ಇದನ್ನು ಸ್ಥಾಪಿಸಿದರು. ಮೊದಲನೆಯ ಮಹಾಯುದ್ಧ ಮುಗಿದು ಏಳು ವರ್ಷಗಳಾಗಿದ್ದವು. ಇಟಲಿಯಲ್ಲಿ ಮುಸ್ಸೊಲಿನಿ ಅಧಿಕಾರಕ್ಕೆ ಬಂದಿದ್ದನು. ಮನುಷ್ಯನ ಮನಸ್ಸು, ಮನೆ, ಮಕ್ಕಳು ಎಲ್ಲವೂ ತನಗೇ ಸೇರಬೇಕೆಂದು ರಾಜ್ಯಶಕ್ತಿಯು ಹೇಳತೊಡಗಿದ್ದ ಕಾಲ. ಅಂತಹ ಹೊತ್ತಿನಲ್ಲಿ, ಮನುಷ್ಯನ ಪೂರ್ಣ ನಿಷ್ಠೆಯನ್ನು ಕೇಳುವ ಹಕ್ಕು ಕ್ರಿಸ್ತನೊಬ್ಬನಿಗೇ ಸೇರಿದ್ದು ಎಂದು ನೆನಪಿಸಲು ಈ ಹಬ್ಬ ಹುಟ್ಟಿತು. ಎಂದರೆ, ಒಡೆತನ ಯಾರದು ಎಂಬ ಪ್ರಶ್ನೆಯೇ ಇದರ ಮೂಲ.

ಈ ಪ್ರಶ್ನೆ ನಮ್ಮ ಸೀಮೆಯ ಜನರಿಗೆ ಪುಸ್ತಕದಿಂದ ಬಂದದ್ದಲ್ಲ. ದೇವರ ಗುಡ್ಡರು ಹಾಡುವ ಮಾದಪ್ಪನ ಕಥೆಯನ್ನೇ ನೋಡಿ. ಅದರಲ್ಲಿ ಶ್ರವಣ ದೊರೆಯೆಂಬವನು ದೇವತೆಗಳನ್ನೇ ಸೆರೆಯಲ್ಲಿಟ್ಟು ಊಳಿಗ ಮಾಡಿಸಿಕೊಳ್ಳುತ್ತಾನೆ. ದೊರೆತನದ ಸ್ವಭಾವವೇನೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕೊಳ್ಳೇಗಾಲದ ಸೀಮೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಆಮೇಲೆ ಮೈಸೂರು ಜಿಲ್ಲೆ, 1997ರಲ್ಲಿ ಚಾಮರಾಜನಗರ ಜಿಲ್ಲೆ, ಈಗ ಹನೂರು ತಾಲ್ಲೂಕು. ಕಚೇರಿಗಳು ಬದಲಾದವು, ಕಚೇರಿಯ ಮುಂದೆ ಕೈಕಟ್ಟಿ ನಿಲ್ಲುವವರು ಬದಲಾಗಲಿಲ್ಲ.

1992ರಲ್ಲಿ ವೀರಪ್ಪನ್ ತಂಡವು ರಾಮಾಪುರದ ಪೊಲೀಸ್ ಠಾಣೆಯ ಮೇಲೆಯೇ ಬಿದ್ದು ಪೊಲೀಸರನ್ನು ಕೊಂದಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಆ ಮೇಲಿನ ವರ್ಷಗಳಲ್ಲಿ ಈ ಕಾಡಂಚಿನ ಹಳ್ಳಿಗಳಿಗೆ ಇಬ್ಬರು ಒಡೆಯರಿದ್ದರು. ಇರುಳಿನಲ್ಲಿ ಕಾಡಿನಿಂದ ಬಂದು ಅಕ್ಕಿ ಬೇಳೆ ಕೇಳುವವರು ಒಂದು ಕಡೆ. ಹಗಲಿನಲ್ಲಿ ಜೀಪಿನಲ್ಲಿ ಬಂದು, ಅಕ್ಕಿ ಕೊಟ್ಟವರು ಯಾರು ಎಂದು ಕೇಳುವವರು ಇನ್ನೊಂದು ಕಡೆ. ವಿಶೇಷ ಕಾರ್ಯಪಡೆಯ ಮೇಲೆ ಬಂದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಬೇಕಾಯಿತು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಹತನಾಗುವವರೆಗೂ ಆ ಭಯ ಪೂರ್ತಿ ಹೋಗಲಿಲ್ಲ. ನನ್ನ ತರಗತಿಯಲ್ಲಿ ಮಕ್ಕಳು ಜೀಪಿನ ಸದ್ದು ಕೇಳಿದೊಡನೆ ಕಿಟಕಿಯ ಕಡೆಗೆ ನೋಡುತ್ತಿದ್ದುದು ನನಗೆ ಈಗಲೂ ನೆನಪಿದೆ.

ಅಧಿಕಾರವೆಂದರೆ ಇದೇ ಎಂದು ಕಂಡ ಜನರು ಭಾನುವಾರ ದೇವಾಲಯಕ್ಕೆ ಬಂದು, ಯೇಸುವೇ ನಮ್ಮ ಒಡೆಯ ಎಂದು ಹಾಡುವಾಗ ಅವರ ಮನಸ್ಸಿನಲ್ಲಿ ಯಾವ ಚಿತ್ರ ಮೂಡಬೇಕು? ಹೆದರಿಸುವ ಮೂರನೆಯ ಒಡೆಯನೊಬ್ಬನೆ? ಶುಭಸಂದೇಶವು ತೋರಿಸುವ ಚಿತ್ರ ಬೇರೆ. ತನ್ನ ಕಡೆಯ ಇರುಳಿನಲ್ಲಿ ಯೇಸುಸ್ವಾಮಿ ಮೇಲುವಸ್ತ್ರ ತೆಗೆದಿಟ್ಟು, ಅಂಗವಸ್ತ್ರ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಿಡಿದು, ಶಿಷ್ಯರ ಕಾಲು ತೊಳೆದರೆಂದು ಸಂತ ಯೊವಾನ್ನರು ಬರೆಯುತ್ತಾರೆ. ನಾನು ನಿಮ್ಮ ಒಡೆಯನೆಂಬುದು ನಿಜ ಎಂದು ಒಪ್ಪಿಕೊಂಡೇ ಅವರು ಆ ಕೆಲಸ ಮಾಡಿದರು. ಒಡೆತನವನ್ನು ಬಿಟ್ಟುಕೊಟ್ಟು ಮಾಡಿದ್ದಲ್ಲ. ಪವಿತ್ರ ಗುರುವಾರ ಗುರುಗಳು ಹನ್ನೆರಡು ಮಂದಿಯ ಕಾಲು ತೊಳೆಯುವುದನ್ನು ಎಲ್ಲರೂ ಎದ್ದು ನಿಂತು ನೋಡುತ್ತೇವೆ. ಆದರೆ ಆ ಅಧಿಕಾರಕ್ಕೆ ನಮ್ಮ ಇಡೀ ಬಾಳನ್ನು ಒಪ್ಪಿಸುವುದೆಂದರೆ ಏನೆಂದು ಕೇಳಿಕೊಳ್ಳುವವರು ಕಡಿಮೆ.

ನಮ್ಮ ಕಡೆ ಭೂಮಿಯನ್ನು ವಾರಕ್ಕೆ ಕೊಡುವ ಪದ್ಧತಿಯಿದೆ. ಉಳುವವನು ಬೆಳೆದದ್ದರಲ್ಲಿ ಒಂದು ಪಾಲನ್ನು ಒಡೆಯನಿಗೆ ಅಳೆದು ಹಾಕುತ್ತಾನೆ. ಉಳಿದದ್ದು ಅವನದು, ಅದನ್ನು ಏನು ಮಾಡಿದನೆಂದು ಒಡೆಯ ಕೇಳುವಂತಿಲ್ಲ. ನಾವು ಕ್ರಿಸ್ತನಿಗೂ ಬಾಳನ್ನು ಹೀಗೆಯೇ ವಾರಕ್ಕೆ ಕೊಟ್ಟಿದ್ದೇವೆ ಎಂದು ನನಗೆ ಅನಿಸುತ್ತದೆ. ಏಳು ದಿನಗಳಲ್ಲಿ ಒಂದು ದಿನ ಅವನ ಪಾಲು. ಬಲಿಪೂಜೆ, ಕಾಣಿಕೆ, ತಪಸ್ಸು ಕಾಲದಲ್ಲಿ ಮಾಂಸ ಬಿಡುವುದು, ಇಷ್ಟನ್ನು ಅಳೆದು ಹಾಕಿದರೆ ಲೆಕ್ಕ ಚುಕ್ತಾ. ಮಗಳನ್ನು ಯಾರಿಗೆ ಕೊಡಬೇಕು, ಬಡ್ಡಿ ಎಷ್ಟು ತೆಗೆದುಕೊಳ್ಳಬೇಕು, ಅಡುಗೆಮನೆಯವರೆಗೆ ಯಾರನ್ನು ಕರೆಯಬೇಕು ಎಂಬುದು ನಮ್ಮ ಪಾಲು.

ಇದನ್ನು ಇನ್ನೊಬ್ಬರ ಮೇಲೆ ಹೊರಿಸಿ ಬರೆಯುವ ಹಕ್ಕು ನನಗಿಲ್ಲ. ಆದುದರಿಂದ ನನ್ನ ಸಂಗತಿಯನ್ನೇ ಹೇಳುತ್ತೇನೆ.

1996ರ ಜೂನ್ ತಿಂಗಳು. ರಾಮಾಪುರದ ಸುತ್ತಿನ ಒಂದು ಶಾಲೆಯಲ್ಲಿ ನಾನು ದಾಖಲಾತಿ ರಿಜಿಸ್ಟರು ಬರೆಯುತ್ತ ಕುಳಿತಿದ್ದೆ. ಕೂಲಿ ಮಾಡುವ ಒಬ್ಬರು ಮಗನನ್ನು ಒಂದನೆಯ ತರಗತಿಗೆ ಸೇರಿಸಲು ಬಂದರು. ಭಾನುವಾರ ಪೂಜೆಯಲ್ಲಿ ನನ್ನ ಹಿಂದಿನ ಸಾಲಿನಲ್ಲಿ ಕೂರುವವರು. ಹುಡುಗನಿಗೆ ಜ್ಞಾನಸ್ನಾನದಲ್ಲಿ ಸಂತರೊಬ್ಬರ ಹೆಸರಿಟ್ಟಿದ್ದರು. ರಿಜಿಸ್ಟರಿಗೆ ಅವರು ಹೇಳಿದ ಹೆಸರು ಬೇರೆ. ಧರ್ಮ ಮತ್ತು ಜಾತಿಯ ಕಲಂ ಬಂದಾಗ ಅವರು ದನಿ ತಗ್ಗಿಸಿ, "ಹಿಂದೂ, ಆದಿ ಕರ್ನಾಟಕ ಅಂತ್ಲೇ ಬರ್ಕಳಿ ಮೇಷ್ಟ್ರೇ" ಎಂದರು.

ನಾನು ಲೇಖನಿಯನ್ನು ಕೆಳಗಿಟ್ಟೆ. ಮೇಷ್ಟರಿಗೆ ಉಪದೇಶ ಮಾಡುವ ಚಪಲ ಹುಟ್ಟುಗುಣ. ದೇವಾಲಯದಲ್ಲಿ ಒಂದು, ಸರ್ಕಾರದ ಪುಸ್ತಕದಲ್ಲಿ ಒಂದು ಎಂದರೆ ಅದು ವಿಶ್ವಾಸವೆ, ಕ್ರಿಸ್ತನನ್ನು ಒಪ್ಪಿಕೊಂಡ ಮೇಲೆ ಜಾತಿಯ ಕಲಂ ಯಾಕೆ ಬೇಕು ಎಂದೆಲ್ಲ ಹೇಳಿದೆ. ಸಂತ ಪೇತ್ರನು ಕೋಳಿ ಕೂಗುವ ಮುನ್ನ ಮೂರು ಸಲ ಯೇಸುವನ್ನು ಅಲ್ಲಗಳೆದ ಕಥೆಯನ್ನೂ ನೆನಪಿಸಿದೆ. ಹುಡುಗ ನನ್ನ ಮೇಜಿನ ಮೇಲಿದ್ದ ಮಸಿ ಬುಡ್ಡಿಯನ್ನು ನೋಡುತ್ತಿದ್ದ. ಅವರು ಎಲ್ಲವನ್ನೂ ತಲೆತಗ್ಗಿಸಿ ಕೇಳಿ, "ನೀವು ಹೇಳಾದು ದಿಟ ಮೇಷ್ಟ್ರೇ. ಆದ್ರೆ ಅವ್ನು ಓದ್ಬೇಕಲ್ಲ" ಎಂದಷ್ಟೇ ಅಂದರು. ತಂದೆ ಹೇಳಿದ್ದನ್ನು ಬರೆಯುವುದು ನನ್ನ ಕೆಲಸ, ಬರೆದೆ. ಆದರೆ ಒಬ್ಬ ದುರ್ಬಲ ವಿಶ್ವಾಸಿಯನ್ನು ಕಂಡೆನೆಂಬ ಬೇಸರವನ್ನು ಹೊತ್ತು ಮನೆಗೆ ಹೋದೆ. ಅಂದು ಸಂಜೆ ನನ್ನ ಹೆಂಡತಿಗೆ ಅದನ್ನು ಹೇಳಿಯೂ ಹೇಳಿದೆ.

ಅವರು ಏಕೆ ಹಾಗೆ ಬರೆಸಿದರೆಂಬುದು ಓದುಗರಲ್ಲಿ ಕೆಲವರಿಗೆ ತಿಳಿಯದಿರಬಹುದು. 1950ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಸಿಕ್ಕಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರು ಮತ್ತು ಮುಸಲ್ಮಾನರು ಹೊರಗೇ ಉಳಿದರು. ಪರಿಶಿಷ್ಟ ಜಾತಿಯವನೊಬ್ಬ ನಾನು ಕ್ರೈಸ್ತನೆಂದು ಬರೆಸಿದರೆ, ಆ ಸ್ಥಾನಮಾನದಿಂದ ಬರುವ ವಿದ್ಯಾರ್ಥಿವೇತನ, ಹಾಸ್ಟೆಲು, ನೌಕರಿಯ ಮೀಸಲಾತಿಗಳ ಬಾಗಿಲು ಮುಚ್ಚುತ್ತದೆ. ಮತ ಬದಲಿಸಿದವರ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು 2022ರಲ್ಲಿ ನ್ಯಾಯಮೂರ್ತಿ ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ, ಕ್ರೈಸ್ತ ವಿಶ್ವಾಸವನ್ನು ಆಚರಿಸುತ್ತಲೇ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಲ್ಲದೆಂದು ಸುಪ್ರೀಂ ಕೋರ್ಟು ತೀರ್ಪು ನೀಡಿತು. ಕಾನೂನಿನ ಮಾತು ಕಾನೂನಿಗಿರಲಿ. ನಾನು ಹೇಳಬೇಕೆಂದಿರುವುದು ಇಷ್ಟು: ಆ ದಿನ ಮೇಜಿನ ಆಚೆ ನಿಂತಿದ್ದವರಿಗೆ ಕ್ರಿಸ್ತನ ಹೆಸರನ್ನು ಹೇಳಲು ಒಂದು ಬೆಲೆಯಿತ್ತು, ಈಚೆ ಕುಳಿತಿದ್ದ ನನಗೆ ಅದು ಪುಕ್ಕಟೆಯಾಗಿ ಬಂದಿತ್ತು. ನಮ್ಮ ಹಿರಿಯರು ಜಾತಿಯ ಏಣಿಯಲ್ಲಿ ಒಂದೆರಡು ಮೆಟ್ಟಿಲು ಮೇಲಿದ್ದು ಕ್ರೈಸ್ತರಾದವರು. ಕ್ರೈಸ್ತನೆಂದು ಬರೆಸಿದ್ದರಿಂದ ನಾನು ಕಳೆದುಕೊಂಡದ್ದು ಏನೂ ಇರಲಿಲ್ಲ.

ನನ್ನ ಸರದಿ ಬಂದದ್ದು ಹನ್ನೆರಡು ವರ್ಷಗಳ ಮೇಲೆ. 2008ರಲ್ಲಿ ನನ್ನ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ಓದಿದವನು, ಸರ್ಕಾರಿ ಕೆಲಸದಲ್ಲಿದ್ದವನು, ಪೂಜೆ ತಪ್ಪಿಸದವನು, ಕುಡಿತದ ಚಟವಿಲ್ಲದವನು. ತಂದ ಗುರುಗಳು ಅವನನ್ನು ಬಹಳ ಹೊಗಳಿದರು. ಎಲ್ಲವನ್ನೂ ಕೇಳಿ ನಾನು ಕೇಳಿದ ಪ್ರಶ್ನೆ ಒಂದೇ: ಅವರು ಮೂಲದಲ್ಲಿ ಯಾವ ಜನ? ಗುರುಗಳು ಒಂದು ಗಳಿಗೆ ಸುಮ್ಮನಿದ್ದು ಹೇಳಿದರು. ನಾನು ಕಾಫಿ ಲೋಟವನ್ನು ಕೆಳಗಿಟ್ಟು, ಮಗಳಿಗೆ ಇನ್ನೂ ಓದುವ ಆಸೆಯಿದೆ ಎಂದೆ. ಅದು ಸುಳ್ಳು. ಅವಳ ಓದು ಮುಗಿದಿತ್ತು.

ಗುರುಗಳು ಹೋದ ಮೇಲೆ ನನ್ನ ಹೆಂಡತಿ ಲೋಟ ಎತ್ತಿಕೊಳ್ಳುತ್ತ ಹೇಳಿದಳು: "ಜಾತಿ ಕಲಂ ಯಾಕೆ ಬೇಕು ಅಂತ ಆವತ್ತು ಅವ್ರಿಗೆ ಹೇಳಿದ್ರಿ. ಇವತ್ತು ನೀವೇ ಆ ಕಲಂ ತುಂಬಿದ್ರಿ." ಅವಳು ಕೋಪದಿಂದ ಹೇಳಲಿಲ್ಲ. ನಾನು ಉತ್ತರ ಕೊಡಲಿಲ್ಲ. ಆ ಸಂಬಂಧ ಅಲ್ಲಿಗೇ ನಿಂತಿತು. ನನ್ನ ಮಗಳು ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾಳೆ. ಅವಳ ಸುಖದಿಂದ ನನ್ನ ಸುಳ್ಳು ಸತ್ಯವಾಗುವುದಿಲ್ಲ.

ಮುಂದಿನ ಭಾನುವಾರ ಪರಮಪ್ರಸಾದಕ್ಕೆ ಮುಂಚೆ ಎಲ್ಲರೂ ಹೇಳುವ ಪ್ರಾರ್ಥನೆಯನ್ನು ನಾನೂ ಹೇಳಬೇಕಾಯಿತು. ಅದು ಸಂತ ಮತ್ತಾಯರೂ ಲೂಕರೂ ಬರೆದಿಟ್ಟಿರುವ ರೋಮನ್ ಶತಾಧಿಪತಿಯ ಮಾತಿನಿಂದ ಬಂದದ್ದು. ತನ್ನ ಆಳು ಕಾಯಿಲೆ ಬಿದ್ದಾಗ ಅವನು ಯೇಸುವನ್ನು ಕುರಿತು, ನೀವು ನನ್ನ ಸೂರಿನಡಿ ಬರುವಷ್ಟು ಯೋಗ್ಯತೆ ನನಗಿಲ್ಲ, ಅಲ್ಲಿಂದಲೇ ಅಪ್ಪಣೆ ಕೊಟ್ಟರೆ ಸಾಕು ಎಂಬ ಅರ್ಥದ ಮಾತು ಹೇಳುತ್ತಾನೆ. ಅವನು ಸೈನಿಕ, ಅಪ್ಪಣೆ ಪಡೆಯುವುದೂ ಕೊಡುವುದೂ ಅವನಿಗೆ ಗೊತ್ತು. ಒಡೆಯನ ಮಾತು ಎಂದರೆ ಅದರಲ್ಲಿ ಅರ್ಧ ಮಾತ್ರ ನಡೆಸುವಂತಹುದು ಇಲ್ಲವೆಂದು ಅವನು ಬಲ್ಲ. ಅದಕ್ಕಾಗಿಯೇ ಯೇಸುಸ್ವಾಮಿ ಅವನ ವಿಶ್ವಾಸವನ್ನು ಕಂಡು ಬೆರಗಾದರು. ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದ ಸೂರಿನ ಮಾತು ಅಂದು ನನ್ನ ಗಂಟಲಿನಲ್ಲಿ ನಿಂತಿತು. ಕ್ರಿಸ್ತನನ್ನು ನನ್ನ ಸೂರಿನಡಿ ಕರೆಯುತ್ತೇನೆ. ಕ್ರಿಸ್ತನು ಯಾರನ್ನು ಜೊತೆಗೆ ಕರೆತಂದನೋ ಅವರನ್ನು ಜಗಲಿಯಿಂದಲೇ ಕಳಿಸಿದೆ.

ಇದು ನನ್ನೊಬ್ಬನ ದೋಷವಲ್ಲ, ಹೊಸದೂ ಅಲ್ಲ. ಕಲ್ಕತ್ತದ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ಅವರು 1833ರಲ್ಲಿ, ದಕ್ಷಿಣದ ಸಭೆಗಳಲ್ಲಿ ಜಾತಿಭೇದವನ್ನು ಪೂರ್ತಿಯಾಗಿ ಬಿಡಬೇಕೆಂದು ಪತ್ರ ಬರೆದರು. ತಂಜಾವೂರಿನಲ್ಲಿ ಅನೇಕರು ಜಾತಿಯನ್ನು ಬಿಡಲಾರದೆ ಸಭೆಯನ್ನೇ ಬಿಟ್ಟರು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಎಂಬ ಊರಿನಲ್ಲಿ 1870ರ ದಶಕದಲ್ಲಿ ಕಥೋಲಿಕರು ಕಟ್ಟಿದ ದೇವಾಲಯಕ್ಕೆ ಎರಡು ಅಂಗಗಳು. ಒಂದರಲ್ಲಿ ಒಂದು ಜಾತಿಯವರು, ಇನ್ನೊಂದರಲ್ಲಿ ಇನ್ನೊಂದು ಜಾತಿಯವರು ಕೂತು, ನಡುವಣ ಒಂದೇ ಪೀಠವನ್ನು ನೋಡುವ ಏರ್ಪಾಡು. ಒಬ್ಬನೇ ಒಡೆಯ, ಆದರೆ ಪರಸ್ಪರ ಮುಖ ಕಾಣದಂತೆ ಗೋಡೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಗೋಡೆ ಕೆಡವಿದಾಗ ದೊಡ್ಡ ಗಲಾಟೆಯಾಯಿತು. ನಮ್ಮ ಕಡೆ ಗೋಡೆ ಕಟ್ಟಿದವರಿಲ್ಲದಿರಬಹುದು. ಮದುವೆಯ ಮಾತುಕತೆಯಲ್ಲಿ ಅದು ಇಟ್ಟಿಗೆಯಿಲ್ಲದೆಯೇ ಏಳುತ್ತದೆ.

ಬೆಲೆ ತೆತ್ತವರೂ ಇದ್ದರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾಯ ಕೌಂಡಿನ್ಯ 1844ರಲ್ಲಿ ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಮನೆ, ನೆಂಟರು, ಜೊತೆಯ ಪಂಕ್ತಿ ಎಲ್ಲ ಹೋಯಿತು. ಅವರು ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ಹಿಂದಿರುಗಿದರು. ಮುಂದೆ ಕೊಡಗಿನಲ್ಲಿ ಜೀತದ ಬಾಳು ಬಾಳಿದ್ದ ಹೊಲೆಯ ಸಮುದಾಯದ ಕ್ರೈಸ್ತರಿಗಾಗಿ ಆನಂದಪುರ ಎಂಬ ನೆಲೆ ಎದ್ದಿತು. ಅದಕ್ಕೆ ಬಂದದ್ದು ಅವರದೇ ಹೆಸರು. ಮಿಷನರಿಗಳ ಎಲ್ಲ ಕೆಲಸವನ್ನೂ ನಾನು ಸಮರ್ಥಿಸಲಾರೆ. ಆದರೆ ಒಬ್ಬ ಮನುಷ್ಯನು ಒಡೆಯನನ್ನು ಬದಲಿಸಿದ ಮೇಲೆ ಅವನ ಪಂಕ್ತಿಯೂ ಬದಲಾಗಬೇಕು ಎಂಬುದಕ್ಕೆ ಕೌಂಡಿನ್ಯರಿಗಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಬಾಳನ್ನೆಲ್ಲ ಒಬ್ಬನ ಅಧಿಕಾರಕ್ಕೆ ಒಪ್ಪಿಸುವುದು ಅಪಾಯವಲ್ಲವೆ, ಒಪ್ಪಿಸಿದವರನ್ನು ಮಠಾಧಿಪತಿಗಳೂ ಪಾದ್ರಿಗಳೂ ಸರ್ಕಾರಗಳೂ ತಮ್ಮ ಚಾಕರಿಗೆ ಬಳಸಿಕೊಳ್ಳುವುದಿಲ್ಲವೆ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳಿದ್ದಾರೆ. ಬಳಸಿಕೊಂಡದ್ದುಂಟು. ದೇವರಿಗೆ ವಿಧೇಯನಾಗು ಎಂದು ಹೇಳಿ ತನಗೆ ವಿಧೇಯನಾಗಿಸಿಕೊಳ್ಳುವವರು ಎಲ್ಲ ಮತಗಳಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಆದರೆ ಮೇಲಿನ ಒಬ್ಬನಿಗೆ ನಿಜವಾಗಿ ಒಪ್ಪಿಸಿಕೊಂಡವನು ನಡುವಿನವರ ಮುಂದೆ ನೇರವಾಗಿ ನಿಲ್ಲಬಲ್ಲ. 1934ರ ಮೇ ತಿಂಗಳಲ್ಲಿ ಜರ್ಮನಿಯ ಬಾರ್ಮೆನ್ ಎಂಬಲ್ಲಿ ಸೇರಿದ ಪ್ರೊಟೆಸ್ಟೆಂಟರು, ಬದುಕಿನ ಯಾವ ಭಾಗವೂ ಕ್ರಿಸ್ತನಲ್ಲದೆ ಬೇರೆ ಒಡೆಯರಿಗೆ ಸೇರಿದ್ದಲ್ಲವೆಂದು ಘೋಷಿಸಿದರು. ಹಿಟ್ಲರನು ಆಳುತ್ತಿದ್ದ ನಾಡಿನಲ್ಲಿ ಆ ಮಾತಿಗೆ ಧೈರ್ಯ ಬೇಕಿತ್ತು. ನಮ್ಮ ನೆರೆಯ ಕೇರಳದಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಶಾಲಾಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಂತರು, ಆದರೆ ಹಾಡಲಿಲ್ಲ. ಶಾಲೆ ಅವರನ್ನು ಹೊರಗೆ ಹಾಕಿತು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ನಾನು ರಾಷ್ಟ್ರಗೀತೆಯನ್ನು ಮನಸಾರೆ ಹಾಡುವವನು. ಆ ಮಕ್ಕಳ ತೀರ್ಮಾನ ನನ್ನದಲ್ಲ. ಆದರೆ ಸಿಬ್ಬಂದಿ ಕೊಠಡಿಯಲ್ಲಿ ಆ ತೀರ್ಪನ್ನು ಚರ್ಚಿಸಿದಾಗ, ಅಷ್ಟು ಸಣ್ಣ ವಯಸ್ಸಿನಲ್ಲಿ ತಮ್ಮ ಒಡೆಯ ಯಾರೆಂದು ಅವರಿಗೆ ಗೊತ್ತಿತ್ತಲ್ಲ ಎಂದು ನಾನು ಬೆರಗಾದದ್ದುಂಟು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟೇ. ಕ್ರಿಸ್ತನ ಅಧಿಕಾರಕ್ಕೆ ಬಾಳನ್ನು ಒಪ್ಪಿಸುವುದೆಂದರೆ ಮೊದಲು ನಮ್ಮ ಕೈಯಲ್ಲಿರುವ ಚಿಕ್ಕಪುಟ್ಟ ದೊರೆತನಗಳನ್ನು ಅವನ ಕಾಲ ಬಳಿ ಇಡುವುದು. ಮೇಷ್ಟರಿಗೆ ಅದು ಬೆತ್ತ ಮತ್ತು ಉಪದೇಶ. ಗಂಡನಿಗೆ ಮನೆಯ ಯಜಮಾನಿಕೆ. ಸಾಲ ಕೊಟ್ಟವನಿಗೆ ಬಡ್ಡಿಯ ಪತ್ರ. ಹುಟ್ಟಿನಿಂದ ಒಂದು ಮೆಟ್ಟಿಲು ಮೇಲಿರುವವನಿಗೆ ಆ ಮೆಟ್ಟಿಲು. ಕಾಲು ತೊಳೆದ ಒಡೆಯನ ಮುಂದೆ ಮೆಟ್ಟಿಲ ಮೇಲೆಯೇ ನಿಂತು ನಮಸ್ಕರಿಸಿದರೆ ಅದು ಒಪ್ಪಿಸುವುದಾಗಲಾರದು. ಇನ್ನೊಬ್ಬರು ಎಷ್ಟು ಬೆಲೆ ತೆರಬೇಕೆಂದು ನಿಗದಿ ಮಾಡುವ ಮುನ್ನ ನಾವು ಏನು ತೆತ್ತಿದ್ದೇವೆಂದು ನೋಡಿಕೊಳ್ಳಬೇಕು.

ನಿವೃತ್ತನಾದ ಮೇಲೆ, ಬಹಳ ತಡವಾಗಿ, ನಾನು ಆ ಹುಡುಗನ ತಂದೆಯ ಮನೆಗೆ ಹೋದೆ. ಅವರ ಕೂದಲು ನನ್ನಂತೆಯೇ ನರೆತಿತ್ತು. 1996ರಲ್ಲಿ ನಿಮಗೆ ಹಾಗೆ ಹೇಳಬಾರದಾಗಿತ್ತು, ಕ್ಷಮಿಸಿ ಎಂದೆ. ಅವರಿಗೆ ಅದು ಮರೆತೇ ಹೋಗಿರಬಹುದೆಂದು ನಾನು ಅಂದುಕೊಂಡಿದ್ದೆ. ಮರೆತಿರಲಿಲ್ಲ. "ಆವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ ಮೇಷ್ಟ್ರೇ" ಎಂದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಮಗ ಓದಿ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಬರುತ್ತಾನೆ ಎಂದು ಆಮೇಲೆ ತಾವೇ ಹೇಳಿದರು. ಒಳಗಿನಿಂದ ಅವರ ಮನೆಯವರು ರಾಗಿ ಮುದ್ದೆ, ಉಪ್ಸಾರು ತಂದಿಟ್ಟರು. ಅವರು ಊಟ ಮಾಡದ ಆ ದಿನದ ಲೆಕ್ಕ ನನ್ನ ತಲೆಯಲ್ಲಿತ್ತು. ತಲೆತಗ್ಗಿಸಿಕೊಂಡು ಉಂಡೆ.

ಈ ವರ್ಷವೂ ಕ್ರಿಸ್ತರಾಜರ ಹಬ್ಬ ಬರುತ್ತದೆ. ಜಯಕಾರ ಹಾಕುವಾಗ ನನ್ನ ದನಿ ಮೊದಲಿನಷ್ಟು ಏರುವುದಿಲ್ಲ. ವಯಸ್ಸೂ ಒಂದು ಕಾರಣ. ನಮ್ಮ ಮನೆಯಲ್ಲಿ ಮದುವೆಗೆ ಬೆಳೆಯುತ್ತಿರುವ ಮೊಮ್ಮಕ್ಕಳಿದ್ದಾರೆ. ಅವರ ಸಂಬಂಧದ ಮಾತು ಬಂದಾಗ ಹುಡುಗನ ಮೂಲವನ್ನು ಕೇಳಬಾರದೆಂದು ಮಕ್ಕಳಿಗೆ ಹೇಳಿದ್ದೇನೆ. ನಾನು ಕೇಳಿದರೆ ನನ್ನನ್ನು ಎಬ್ಬಿಸಿ ಒಳಗೆ ಕಳಿಸಿ ಎಂದೂ ಹೇಳಿದ್ದೇನೆ.